ಅವಧಾನಿಗಳು ನಸ್ಯ ಬಿಟ್ಟದ್ದು

ಹೋದ ತಿಂಗಳು ಚಿಕ್ಕಬಳ್ಳಾಪುರದ ಒಂದು ಕಲ್ಯಾಣಮಂಟಪದಲ್ಲಿ ವೀಣೆ ಶ್ರೀಕಂಠಾವಧಾನಿಗಳ ಸ್ಮರಣೆಗೆಂದು ಸಭೆ ಇಟ್ಟಿದ್ದರು. ಹಳೆಯ ಪರಿಚಯದವನು ಎಂದು ನನಗೂ ಹೇಳಿಕಳಿಸಿದ್ದರು, ಹೋಗಿದ್ದೆ. ವೇದಿಕೆಯ ಮೇಲಿದ್ದವರು ಅವರು ರಚಿಸಿದ ವರ್ಣಗಳನ್ನೂ ತಿಲ್ಲಾನಗಳನ್ನೂ ಹೊಗಳಿದರು. ಅದು ಸರಿಯೇ. ಸಾಕ್ಷ್ಯಚಿತ್ರಗಳ ವಿಷಯ ಬಂದಾಗ ಮಾತ್ರ ‘ಆರಂಭದಲ್ಲಿ ಅನಿವಾರ್ಯವಾಗಿ ಅಂಥ ಕೆಲವಕ್ಕೂ ಸಂಗೀತ ಕೊಟ್ಟದ್ದುಂಟು’ ಎಂದು ಒಂದೇ ಉಸಿರಿನಲ್ಲಿ ದಾಟಿಬಿಟ್ಟರು. ಆಮೇಲೆ ಒಬ್ಬರು ನಸ್ಯದ ಕಥೆ ತೆಗೆದರು. ಹರೆಯದಲ್ಲಿ ಅವಧಾನಿಗಳಿಗೆ ವಿಪರೀತ ನಸ್ಯದ ಚಟವಿತ್ತಂತೆ. ಒಂದು ದಿನ ಕನಸಿನಲ್ಲಿ ಶಾರದಾದೇವಿ ಬಿಳಿ ಸೀರೆಯುಟ್ಟು ಬಂದು ‘ನನ್ನ ವೀಣೆ ಮುಟ್ಟುವ ಕೈಯಲ್ಲಿ ಇದೇನು ಮಗು’ ಎಂದಳಂತೆ. ಬೆಳಗಾಗೆದ್ದು ಡಬ್ಬಿ ಎಸೆದವರು ಮತ್ತೆ ಮುಟ್ಟಲಿಲ್ಲವಂತೆ. ಸಭೆ ಚಪ್ಪಾಳೆ ತಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಪಕ್ಕದ ಕುರ್ಚಿಯ ಹಿರಿಯರೊಬ್ಬರು ಸೊಂಟದಿಂದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ನನಗೆ ಜಂಗಮಕೋಟೆಯ ರೇಷ್ಮೆ ಹುಳುಮನೆ ಕಣ್ಣಮುಂದೆ ಬಂತು. ನಗು ತಡೆಯಲಾರದೆ ಕೆಮ್ಮಿದಂತೆ ಮಾಡಿ ಹೊರಗೆ ಬಂದೆ.

ಆ ದೇವಿ ಯಾರೆಂದು ನನಗೆ ಗೊತ್ತು. ಅವಳು ಉಟ್ಟಿದ್ದದ್ದು ಬಿಳಿ ಸೀರೆಯೂ ಅಲ್ಲ, ಬಂದದ್ದು ಕನಸಿನಲ್ಲೂ ಅಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ರೇಷ್ಮೆ ಇಲಾಖೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಶಿಡ್ಲಘಟ್ಟಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಡೆಮಾನ್‌ಸ್ಟ್ರೇಟರ್ ಎಂದರೆ ಸೈಕಲ್ ಮೇಲೆ ಊರೂರು ತಿರುಗಿ, ಹುಟ್ಟಿದಾರಭ್ಯ ಹುಳ ಸಾಕಿದವರಿಗೆ ಹುಳ ಸಾಕುವುದು ಹೇಗೆಂದು ಹೇಳುವ ಕೆಲಸ. ಅವರು ಮರ್ಯಾದೆಯಿಂದ ಕೇಳಿ, ಮಜ್ಜಿಗೆ ಕೊಟ್ಟು, ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ನನಗೂ ಅದರಿಂದ ಬೇಜಾರಿರಲಿಲ್ಲ. ಹೀಗಿರುವಾಗ, ಅವರೆಕಾಯಿ ಹೂ ಕಚ್ಚುವ ಹೊತ್ತಿಗೆ, ಮೇಲಿನಿಂದ ಅಪ್ಪಣೆಯಾಯಿತು: ರೇಷ್ಮೆಯ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಬೊಂಬಾಯಿಯಿಂದ ಒಂದು ತಂಡ ಬರುತ್ತದೆ, ಒಳ್ಳೆಯ ಮನೆಯೊಂದನ್ನು ನೋಡಿಡು.

ನಾನು ನೋಡಿದ್ದು ಜಂಗಮಕೋಟೆಯ ನಾರಾಯಣಮ್ಮನ ಮನೆ. ದೊಡ್ಡ ಮನೆಯಿಂದ ಬೇರೆಯಾಗಿ ಅವರಿಗೆ ಹೆಚ್ಚು ದಿನವಾಗಿರಲಿಲ್ಲ. ಗಂಡ ಆವಲಪ್ಪ ಬಾಯಿಲ್ಲದ ಸಾಧು. ಆತನ ಅಣ್ಣ ಪಿಳ್ಳಣ್ಣ ಗೋಡೆಯಾಚೆ ಹಳೆಯ ಮನೆಯಲ್ಲಿದ್ದರು. ಅವರಿಗೆ ಇಬ್ಬರ ಬಾಯೂ ಇತ್ತು. ಒಟ್ಟಿಗಿದ್ದಷ್ಟು ದಿನ ನಾರಾಯಣಮ್ಮನನ್ನು ಅವರು ಹುಳದ ತಟ್ಟೆ ಮುಟ್ಟಲು ಬಿಟ್ಟಿರಲಿಲ್ಲ. ಅವಳು ಕಾಲಿಟ್ಟ ಮೊದಲ ವರ್ಷವೇ ಒಂದು ಬೆಳೆ ಕೆಟ್ಟಿತ್ತು. ಅಂದಿನಿಂದ ‘ಅವಳ ಕೈಗುಣ ಸರಿಯಿಲ್ಲ’ ಎಂಬ ಮಾತು ಹುಟ್ಟಿಬಿಟ್ಟಿತ್ತು. ನಮ್ಮ ಕಡೆ ಹುಳ ಸಾಕುವವರಲ್ಲಿ ಈ ಕೈಗುಣದ ಮಾತು ಸಣ್ಣದಲ್ಲ. ಕೈಗುಣ ಒಳ್ಳೆಯದು ಎಂದು ಹೆಸರಾದ ಹೆಂಗಸನ್ನು ನಾಲ್ಕು ಮನೆಯವರು ಕರೆದು ಮೊಟ್ಟೆಯಿಂದ ಮರಿ ಇಳಿಸಿಕೊಳ್ಳುತ್ತಾರೆ. ಕೆಟ್ಟದ್ದು ಎಂದಾದರೆ ಅವಳು ಸೊಪ್ಪಿನ ಮಂಕರಿ ಹೊರಬಹುದು, ಹೊಸ್ತಿಲು ದಾಟುವ ಹಾಗಿಲ್ಲ.

ಬೇರೆಯಾದ ಮೇಲೆ ಅವಳೇ ಸಾಕುತ್ತಿದ್ದ ಮೊದಲ ಬೆಳೆ ಇದು. ನಾನು ಸಿನಿಮಾದವರ ವಿಷಯ ಹೇಳಿದಾಗ ಅವಳು ಒಂದೇ ಮಾತು ಕೇಳಿದಳು.

“ಹುಳಕ್ಕೇನೂ ತೊಂದ್ರೆ ಆಗಲ್ಲ ತಾನೇ ಸಾರ್? ಈ ಬೆಳೆ ಕೆಟ್ರೆ ನಾವು ತಿರ್ಗಾ ಆ ಮನೇಗೇ ಹೋಗಬೇಕು. ಹೋದ್ರೂ ಹೋಗಣ, ಅನ್ನ ಹಾಕ್ತಾರೆ. ಆದ್ರೆ ನಾನು ಸಾಯೋಗಂಟ ತಟ್ಟೆ ಮುಟ್ಟಂಗಿಲ್ಲ.”

ಏನೂ ಆಗುವುದಿಲ್ಲ ಎಂದೆ. ಇಲಾಖೆಯವರು ಹಾಗೆಯೇ ಹೇಳುವುದು.

ತಂಡ ಬಂದಾಗ ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಹುಳ ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ಆಗ ಯಾರೂ ಅವನ್ನು ಅಲುಗಿಸಬಾರದು. ನಿರ್ದೇಶಕ ದೇಸಾಯಿ ಎಂಬವರು ಮೂಲತಃ ಧಾರವಾಡದವರು, ಬೊಂಬಾಯಿಯಲ್ಲಿದ್ದೂ ಮಾತು ಬಿಟ್ಟಿರಲಿಲ್ಲ. ಬಂದವರೇ ಬೆಳಕು ಸಾಲದೆಂದು ಛಾವಣಿಯ ಹಂಚು ತೆಗೆಸಿ, ಚಿತ್ರ ತೆಗೆಯದ ಹೊತ್ತಿಗೆ ಮುಚ್ಚಲು ತಗಡು ಇಡಿಸಿದರು. ಅವರ ಜೊತೆಗೆ ಇಳಿದವರೇ ಶ್ರೀಕಂಠಾವಧಾನಿಗಳು. ಮೂವತ್ತರ ಆಸುಪಾಸು, ಕಚ್ಚೆಪಂಚೆ, ಹೆಗಲ ಮೇಲೆ ಜರಿಯಂಚಿನ ಒಂದು ಶಾಲು, ಮೂಗಿನ ಕೆಳಗೆ ಕಂದು ಬಣ್ಣದ ಗೆರೆ. ಸಂಗೀತದವರು ಸ್ಥಳಕ್ಕೆ ಬರುವ ಪದ್ಧತಿಯೇ ಇರಲಿಲ್ಲ. ಚಿತ್ರವೆಲ್ಲ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೂತು ಇಷ್ಟು ಹೊತ್ತಿಗೆ ಇಷ್ಟು ಬಾರಿಸಿ ಎಂದರೆ ಬಾರಿಸಿ ಹೋಗಬೇಕು. ಇವರು ಹಟ ಹಿಡಿದು ಬಂದಿದ್ದರು.

ಹಟಕ್ಕೆ ಕಾರಣವನ್ನು ಜಗಲಿಯ ಮೇಲೆ ಕೂತು ನನಗೆ ಹೇಳಿದರು. ಅದಕ್ಕೆ ಹಿಂದೆ ಗೌರಿಬಿದನೂರಿನ ಕಡೆ ತೆಗೆದ ಬಾವಿ ತೋಡುವ ಚಿತ್ರವೊಂದಕ್ಕೂ, ಚಿಂತಾಮಣಿ ಕಡೆಯ ಕಡಲೆಕಾಯಿ ಚಿತ್ರಕ್ಕೂ ಅವರೇ ಸಂಗೀತ ಕೊಟ್ಟಿದ್ದರಂತೆ.

“ನನ್ನ ಕಲ್ಯಾಣಿ ಮೇಲೆ ಕೂತ್ಕೊಂಡು ಗೊಬ್ಬರದ ಲೆಕ್ಕ ಓದ್ತಾನಲ್ಲಯ್ಯ ಆ ವಿವರಣೆ ಕೊಡೋ ಮಹಾನುಭಾವ!” ಎಂದರು. “ಸಾರಂಗ ಹಿಡಿದ್ರೆ ಎಕರೆಗೆ ಎಷ್ಟು ಪಲ್ಲ ಅಂತಾನೆ. ಅವನು ಉಸಿರು ತಗೊಳ್ಳೋವಾಗ ಮಾತ್ರ ನನ್ನ ವೀಣೆ ಕೇಳುತ್ತೆ. ನಾನು ಈಗ ಅವನ ಉಸಿರಿಗೆ ಸಂಗೀತ ಮಾಡೋನು ಕಣಯ್ಯ. ಈ ಸಲವಾದರೂ ಅವನ ಬಾಯಿ ಮುಚ್ಚಿಸೋ ಅಂಥದ್ದು ಏನಾದರೂ ಸಿಗುತ್ತಾ ಅಂತ ಹುಡುಕ್ಕೊಂಡು ಬಂದಿದೀನಿ.”

ಹೀಗೆ ಹೇಳಿ ಸೊಂಟದಿಂದ ಬೆಳ್ಳಿ ಡಬ್ಬಿ ತೆಗೆದರು, ಒಂದು ಚಿಟಿಕೆ ಸೆಳೆದರು, ಶಾಲಿನ ತುದಿಯಿಂದ ಮೂಗೊರೆಸಿ ಎದ್ದರು, ಹುಳುಮನೆಯ ಬಾಗಿಲಿಗೆ ನಡೆದರು. ಬಾಗಿಲಲ್ಲಿ ನಾರಾಯಣಮ್ಮ ನಿಂತಿದ್ದಳು. ಸುಣ್ಣದ ಕೈ, ಮಂಡಿಗೆ ಎತ್ತಿ ಕಟ್ಟಿದ ಹಸಿರು ಸೀರೆ. ಅವರ ಮೂಗನ್ನು ಒಮ್ಮೆ ನೋಡಿದಳು.

“ಅಯ್ನೋರು ಒಳಿಕ್ಕೆ ಬರಂಗಿಲ್ಲ.”

“ಯಾಕಮ್ಮ?”

“ನಸ್ಯ ಹಾಕ್ತೀರಲ್ಲ. ಹೊಗೆಸೊಪ್ಪಿನ ಗಾಳಿ ಹೊಡೆದ್ರೂ ನಮ್ ಹುಳ ತಡೆಯಲ್ಲ. ಬ್ಯಾಡ ಸ್ವಾಮಿ, ನೀವು ಜಗಲಿ ಮ್ಯಾಲೇ ಕೂತ್ಕಳಿ.”

“ಅಲ್ಲಮ್ಮ, ನಾನು ಸಂಗೀತ ಮಾಡಬೇಕಾಗಿರೋದೇ ಹುಳಕ್ಕೆ. ಅದನ್ನ ನೋಡಲೂ ಬಾರದು ಅಂದ್ರೆ?”

“ಅವಕ್ಕೆ ಸಂಗೀತ ಬ್ಯಾಡ, ಸೊಪ್ಪು ಸಾಕು,” ಎಂದಳು.

ಆಸ್ಥಾನಗಳಲ್ಲಿ ನುಡಿಸಿದ ಮನೆತನದವರನ್ನು ಹೀಗೆ ಹೊಸ್ತಿಲಲ್ಲಿ ತಡೆದದ್ದು ಅದೇ ಮೊದಲಿರಬೇಕು. ಅವರು ಪೆಚ್ಚಾಗಿ ಜಗಲಿಗೆ ಮರಳಿದರು. ಕೆಲವು ದಿನ ಗೋಡೆಗೆ ಕಿವಿಯಿಟ್ಟು ಕೂತರು. ಒಳಗೆ ಹುಳ ನಾಲ್ಕನೇ ಜ್ವರಕ್ಕೆ ಕೂತು ಎದ್ದವು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವೆಂದರೆ ಹಸಿವು. ಸೊಪ್ಪು ಹಾಕಿದ ತಕ್ಷಣ ಮನೆಯೆಲ್ಲ ಸರಸರ ಎನ್ನುತ್ತದೆ. ನಾರಾಯಣಮ್ಮ ಚಿಂತಾಮಣಿ ಕಡೆಯ ತೆಲುಗು ಮನೆಯವಳು. ಸೊಪ್ಪು ಹಾಕುವಾಗ ‘ತಿನಂಡಿ ನಾಯನಾ, ತಿನಂಡಿ’ ಎಂದು ಹುಳವನ್ನು ಮಕ್ಕಳಂತೆ ಮಾತಾಡಿಸುತ್ತಿದ್ದಳು. ಗೋಡೆಯಾಚೆಯಿಂದ ಅದು ಅರ್ಧ ಕೇಳಿ ಅರ್ಧ ಕೇಳದೆ ಅವಧಾನಿಗಳಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಬೆಳ್ಳಿ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟು, “ಇದನ್ನ ನೀನಿಟ್ಕೋ. ನಾನು ಬೇಡಿಕೊಂಡರೂ ಕೊಡಬೇಡ,” ಎಂದರು.

ಬೇಡಿಕೊಂಡರು. ಬೈದರು ಕೂಡ. ತಲೆನೋವು, ಆಕಳಿಕೆ, ಕಣ್ಣಲ್ಲಿ ನೀರು, ಯಾರ ಮೇಲೆಂದರೆ ಅವರ ಮೇಲೆ ಸಿಡುಕು. ವೀಣೆಯ ಗವಸು ಬಿಚ್ಚಲಿಲ್ಲ. ಆದರೂ ಮಾತು ತಪ್ಪಲಿಲ್ಲ. ಕೊನೆಗೆ ನಾರಾಯಣಮ್ಮ ಮನಸ್ಸು ಕರಗಿ, ತಲೆಗೆ ಸ್ನಾನ ಮಾಡಿ ಒಗೆದ ಪಂಚೆಯುಟ್ಟು ಸುಣ್ಣದ ನೀರಲ್ಲಿ ಕೈ ತೊಳೆದುಕೊಂಡು ಬರಲಿ ಎಂದಳು. ಹಾಗೆಯೇ ಬಂದರು. ತಟ್ಟೆಗಳ ಸಾಲಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದರು. ನಾನು ಪಾಠ ಒಪ್ಪಿಸುವವನಂತೆ, “ಮಳೆ ಬಂದ ಹಾಗೆ ಕೇಳುತ್ತೆ ಅಂತಾರೆ,” ಎಂದೆ.

“ಮಳೆ ಅಲ್ಲ. ಮಳೆ ಜೋರಾಗುತ್ತೆ, ಸಣ್ಣದಾಗುತ್ತೆ. ಇದಕ್ಕೆ ಏರೂ ಇಲ್ಲ ಇಳಿವೂ ಇಲ್ಲ. ಸುಮ್ಮನಿರಯ್ಯ ಸ್ವಲ್ಪ,” ಎಂದು ಗದರಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: “ಇದಕ್ಕೆ ಸಂಗೀತ ಬೇಕಿಲ್ಲ ಕಣಯ್ಯ. ಆ ಹೆಣ್ಣುಮಗಳು ಮೊದಲನೇ ದಿನವೇ ಹೇಳಿದಳು. ಆದರೆ ಇದನ್ನ ದೇಸಾಯಿಗೆ ಹೇಗೆ ಹೇಳೋದು? ಬೇಡ ಅನ್ನೋದಕ್ಕೆ ಯಾರಾದರೂ ವಿದ್ವಾಂಸನ್ನ ಕರೆಸ್ತಾರಾ?”

ಅದಾದ ಮರುದಿನವೋ ಅದರ ಮರುದಿನವೋ ಇರಬೇಕು, ಮೋಡ ಕವಿಯಿತು. ಹೊಲದಿಂದ ಕೊಯ್ದು ತಂದ ಸೊಪ್ಪಿನಲ್ಲಿ ಅರ್ಧ ಮಂಕರಿಯಲ್ಲಿ ಒಳಗಿತ್ತು, ಅರ್ಧ ಅಂಗಳದಲ್ಲಿ ರಾಶಿ ಬಿದ್ದಿತ್ತು. ದಪ್ಪ ಹನಿ ಬೀಳತೊಡಗಿದವು. ನೆನೆದ ಸೊಪ್ಪು ಹಾಕಿದರೆ ಹುಳ ಭೇದಿ ಹಿಡಿದು ಸಾಯುತ್ತವೆ, ಆದ್ದರಿಂದ ಎಲ್ಲರೂ ಓಡಿದೆವು. ಎಲ್ಲರಿಗಿಂತ ಮುಂದೆ ಓಡಿದವರು ಅವಧಾನಿಗಳು. ಗೋಣಿ ಹುಡುಕುತ್ತ ನಿಲ್ಲದೆ, ಹೆಗಲ ಶಾಲನ್ನೇ ಎಳೆದು ಹಾಸಿ ಸೊಪ್ಪನ್ನು ಬಾಚಿ ಕಟ್ಟಿ ಮೂಟೆ ಮಾಡಿ ಎದೆಗೆ ಅವಚಿಕೊಂಡು ಒಳಗೆ ತಂದರು. ಒಂದು ಎಲೆಯೂ ನೆನೆಯಲಿಲ್ಲ. “ನೋಡಮ್ಮ, ನಾನೂ ಉಪಯೋಗಕ್ಕೆ ಬಂದೆ,” ಎಂದು ಮಗುವಿನ ಹಾಗೆ ನಕ್ಕರು. ನಾರಾಯಣಮ್ಮನೂ ನಕ್ಕಳು. ಆವಲಪ್ಪ ಮಂಕರಿಯ ಸೊಪ್ಪು ತೆಗೆದು ಈಚೆ ಸಾಲಿನ ತಟ್ಟೆಗಳಿಗೆ ಹಾಕಿದ. ಅವಳು ಶಾಲಿನ ಸೊಪ್ಪು ತೆಗೆದು ಆಚೆ ಸಾಲಿಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಆಚೆ ಸಾಲಿನ ಸದ್ದು ನಿಂತಿತು. ಮೊದಲು ಅದನ್ನು ಗಮನಿಸಿದ್ದೂ ಅವಧಾನಿಗಳೇ. “ಆ ಕಡೆ ಯಾಕೆ ಸುಮ್ಮನಾದವು?” ಎಂದರು. ಹೋಗಿ ನೋಡಿದರೆ ಹುಳವೆಲ್ಲ ತಲೆ ಮೇಲೆತ್ತಿ ಒದ್ದಾಡುತ್ತಿವೆ, ಬಾಯಿಂದ ಹಸಿರು ನೀರು. ನಾರಾಯಣಮ್ಮ ಸೊಪ್ಪು ಕಿತ್ತು ಕಿತ್ತು ಎಸೆದಳು. ಪ್ರಯೋಜನವಾಗಲಿಲ್ಲ. ಸಂಜೆಯೊಳಗೆ ಆ ಸಾಲು ಪೂರ್ತಿ ಸತ್ತಿತು. ಈಚೆ ಸಾಲು ಏನೂ ಆಗದಂತೆ ತಿನ್ನುತ್ತಲೇ ಇತ್ತು. ಅವಳು ಅಳಲಿಲ್ಲ. ಸತ್ತ ಹುಳ ತುಂಬಿ ಹೊರಗೆ ಒಯ್ದು ಹೂಳಿ ಬಂದು, ಕೈ ತೊಳೆದು, ಬದುಕಿದ ಸಾಲಿಗೆ ಸೊಪ್ಪು ಹಾಕಿದಳು. ಆ ಹೊತ್ತು ಮಾತ್ರ ತಿನಂಡಿ ಎನ್ನಲಿಲ್ಲ.

ಬೆಳಗಾಗುವಷ್ಟರಲ್ಲಿ ಪಿಳ್ಳಣ್ಣ ಅಂಗಳದಲ್ಲಿ ನಿಂತಿದ್ದರು, ದವಡೆಯಲ್ಲಿ ಎಂದಿನ ಹೊಗೆಸೊಪ್ಪಿನ ಉಂಡೆ. ಅವರ ಹಿಂದೆ ಊರಿನ ಹತ್ತಾರು ಜನ.

“ನಾನೇನೂ ಹೇಳಲ್ಲಪ್ಪ. ನೀವೇ ನೋಡಿ. ನನ್ ತಮ್ಮ ಸೊಪ್ಪಾಕಿದ ಸಾಲು ಬದುಕೈತೆ, ಇವಳು ಹಾಕಿದ ಸಾಲು ಸತ್ತೈತೆ. ಒಂದೇ ಮನೆ, ಒಂದೇ ಹೊಲದ ಸೊಪ್ಪು, ಒಂದೇ ಹೊತ್ತು. ಇನ್ನೇನು ಬೇಕು? ಕೈಗುಣ ಅನ್ನೋದು ಸುಳ್ಳಾ?” ಎಂದು ದೇಸಾಯಿಯವರ ಕಡೆ ತಿರುಗಿ, “ಸ್ವಾಮಿ, ನಮ್ಮನೇಲೂ ಹುಳ ಹಣ್ಣಾಗ್ತಾ ಅವೆ. ಹಂಚು ಬೇಕಾದ್ರೂ ತೆಗೆಸಿಕೊಡ್ತೀನಿ. ಅಲ್ಲಿಗೇ ಬನ್ನಿ,” ಎಂದರು.

ಈ ಮಾತಿಗೆ ಎದುರು ಹೇಳುವುದು ಸುಲಭವಿರಲಿಲ್ಲ. ಹುಳ ಸತ್ತ ರೀತಿ ಹೊಗೆಸೊಪ್ಪಿನದು ಎಂದು ನನಗೆ ಗೊತ್ತಾಗಿತ್ತು, ಹೇಳಿದೆ ಕೂಡ. “ಯಾವ ಹೊಗೆಸೊಪ್ಪು? ನಾನಂತೂ ಈ ಹೊಸ್ತಿಲು ತುಳಿದಿಲ್ಲ. ಅಯ್ನೋರು ಬಿಟ್ಟು ಆಗಲೇ ಎಷ್ಟು ದಿನ ಆಯ್ತು, ಊರಿಗೇ ಗೊತ್ತು,” ಎಂದರು ಪಿಳ್ಳಣ್ಣ. ಆವಲಪ್ಪ ನೆಲ ನೋಡುತ್ತ ನಿಂತಿದ್ದ. ದೇಸಾಯಿಯವರು ಗಡಿಯಾರ ನೋಡಿಕೊಂಡು, “ಏನ್ರೀ ಮಾಡೂದು, ನನಗ ಗೂಡು ಕಟ್ಟೂದು ಬೇಕಾಗೇದ. ಆ ಮನಿಗೇ ಹೋಗೂಣು,” ಎಂದರು.

ಅವಧಾನಿಗಳು ಜಗಲಿಯ ಮೂಲೆಯಲ್ಲಿ ಮುದುಡಿ ಕೂತಿದ್ದರು. ಮಳೆಯ ಮೇಲೆ ಬಂದ ಚಳಿ; ಶಾಲನ್ನು ಕುತ್ತಿಗೆಗೆ, ಗಲ್ಲಕ್ಕೆ ಸುತ್ತಿಕೊಂಡಿದ್ದರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು, ಪರಮಸುಖಿಯಂತೆ. ಮರುಕ್ಷಣ ಕಣ್ಣು ಬಿಟ್ಟರು. ಶಾಲಿನ ತುದಿ ಹಿಡಿದು ನೋಡಿದರು, ಮೂಸಿದರು, ಮುಖ ಬಿಳಿಚಿತು.

ಅದು ಸನ್ಮಾನದ ಶಾಲು. ಯಾವುದೋ ದೊಡ್ಡ ಉತ್ಸವದಲ್ಲಿ ಅವರ ಗುರುಗಳೇ ಹೊದಿಸಿದ್ದಂತೆ. ಪಂಚೆ ಒಗೆದಿದ್ದರು, ಜುಬ್ಬ ಒಗೆದಿದ್ದರು, ಜನಿವಾರಕ್ಕೂ ಸೀಗೆ ಹಚ್ಚಿದ್ದರು. ಸನ್ಮಾನದ ಶಾಲನ್ನು ಯಾರು ಒಗೆಯುತ್ತಾರೆ? ಮಡಿಸಿ ಇಡುತ್ತಾರೆ, ಹೊದೆಯುತ್ತಾರೆ, ನೀರಿಗೆ ಹಾಕುವುದಿಲ್ಲ. ಅದರ ತುದಿಗೆ ವರ್ಷಗಟ್ಟಲೆ ಒರೆಸಿದ ನಸ್ಯ ಅಂಟಿ ಕೂತಿತ್ತು. ಅಷ್ಟು ಕಟ್ಟುನಿಟ್ಟಿನ ನಾರಾಯಣಮ್ಮನಿಗೂ ಆ ಗಡಿಬಿಡಿಯಲ್ಲಿ ಶಾಲಿನ ಮೇಲೆ ಸಂಶಯ ಬರಲಿಲ್ಲ.

ಅವಧಾನಿಗಳು ಅಂಗಳಕ್ಕೆ ಇಳಿದು ಬಂದು ಎಲ್ಲರ ಮುಂದೆ ಕೈ ಮುಗಿದರು. “ಆ ತಾಯಿಯ ಕೈದಲ್ಲಪ್ಪ ತಪ್ಪು. ನನ್ನದು. ಈ ಶಾಲಿನಲ್ಲಿ ನಸ್ಯ ಇದೆ. ಸತ್ತ ಸಾಲಿನ ಸೊಪ್ಪು ನಾನು ಇದರಲ್ಲಿ ಕಟ್ಟಿ ತಂದದ್ದು.”

ದೇಸಾಯಿಯವರು ಓಡಿಬಂದು ತೋಳು ಹಿಡಿದು, “ಸುಮ್ನಿರ್ರಿ, ಮ್ಯಾಲಿನವರಿಗೆ ಗೊತ್ತಾದ್ರ ನಿಮಗೂ ಕೆಲಸಿಲ್ಲ, ನನಗೂ ಇಲ್ಲ,” ಎಂದು ಪಿಸುಗುಟ್ಟಿದರು. ಅವಧಾನಿಗಳು ಕೊಸರಿಕೊಂಡು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದರು. ಆಗ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಊರವರು ಯಾರೂ ನಂಬಲಿಲ್ಲ!

“ದೊಡ್ಡ ಮನಸು ನಮ್ ಅಯ್ನೋರದು,” ಎಂದರು ಪಿಳ್ಳಣ್ಣ, ನಿಜವಾಗಿಯೂ ಮೆಚ್ಚಿ. “ಹೆಣ್ಮಗಳು ಕಣ್ಣೀರಾಕಬಾರದು ಅಂತ ತಮ್ ಮ್ಯಾಲೆ ಹಾಕ್ಕೊಂತಾ ಅವ್ರೆ. ಇಂಥ ಶಾಲಲ್ಲಿ ಯಾರಾದ್ರೂ ಮೂಗೊರೆಸ್ತಾರಾ?” ಹಿಂದಿದ್ದವರು ಹೌದೌದು ಎಂದರು. ಒಬ್ಬಿಬ್ಬರು ಅವಧಾನಿಗಳ ಕಾಲಿಗೂ ಬಿದ್ದರು.

ಅವಧಾನಿಗಳಿಗೆ ಅಳು ಬರುವುದೊಂದೇ ಬಾಕಿ. “ಬೇಕಾದರೆ ಪರೀಕ್ಷೆ ಮಾಡಿ! ಒಂದು ಹಿಡಿ ಹುಳ ಕೊಡಿ, ಈ ಶಾಲಿಗೆ ಉಜ್ಜಿದ ಎಲೆ ಹಾಕ್ತೀನಿ, ಕಣ್ಣಾರೆ ನೋಡಿ,” ಎಂದರು. ಪಿಳ್ಳಣ್ಣ ತಮ್ಮ ಹುಳ ಕೊಡಲು ಒಪ್ಪಲಿಲ್ಲ. ಅವಳದೇ ಇವೆಯಲ್ಲ, ತರಲಿ ಎಂದರು. ಎಲ್ಲರೂ ನಾರಾಯಣಮ್ಮನ ಕಡೆ ನೋಡಿದರು. ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದವಳು ನೆಟ್ಟಗಾದಳು. ಊರವರಲ್ಲಿ ಅವಧಾನಿಗಳು ಹೇಳಿದ್ದು ನಿಜವೆಂದು ನಂಬಿದವಳು ಅವಳೊಬ್ಬಳೇ.

“ಕೊಡಲ್ಲ. ನನ್ ಹುಳ ಸಾಯಿಸಿ ನನ್ ಹೆಸರು ಉಳಿಸ್ಕಂತೀನಾ? ಅವೂ ಬಾಯಿರೋ ಜೀವ.” ಆಮೇಲೆ ಭಾವನ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ದನಿ ಏರಿಸದೆ ಹೇಳಿದಳು. “ಭಾವ, ಉಳಿದ ಸಾಲು ಬದುಕಿರೋದು ನಿಮ್ ತಮ್ಮನ ಕೈಗುಣ ಅಂದ್ರಲ್ಲ. ಸರಿ. ಈವತ್ತಿಂದ ಅವರು ಆ ತಟ್ಟೆ ಮುಟ್ಟಲ್ಲ. ನಾನೊಬ್ಬಳೇ ಸೊಪ್ಪಾಕ್ತೀನಿ, ನಾನೊಬ್ಬಳೇ ಕಸ ತೆಗೀತೀನಿ. ಗೂಡು ಕಟ್ಟಲಿಲ್ಲ ಅಂದ್ರೆ ನಾನೇ ಬೀಗದ ಕೈ ತಂದು ನಿಮ್ ಕೈಲಿಡ್ತೀನಿ. ನಿಮ್ಮನೇಗೇ ಬರ್ತೀನಿ, ತಟ್ಟೆ ಮುಟ್ಟಲ್ಲ. ಕಟ್ಟಿದ್ರೆ, ಇನ್ನು ನನ್ ಕೈ ವಿಷ್ಯ ಯಾರೂ ಎತ್ತಬಾರದು.”

ಪಿಳ್ಳಣ್ಣ ಒಪ್ಪಿಕೊಂಡರು. ಇಷ್ಟು ಜನರ ಎದುರಿಗೆ ಒಪ್ಪದೆ ವಿಧಿಯಿರಲಿಲ್ಲ.

ಉಳಿದದ್ದು ದೇಸಾಯಿಯವರ ಪ್ರಶ್ನೆ. ಹುಳ ಹಣ್ಣಾಗುವವರೆಗೆ ಇಲ್ಲಿ ಕಾಯುತ್ತ ಕೂರಲಾರೆ, ಗೋಡೆಯಾಚೆ ಹೋಗಿ ಎರಡು ದಿನದಲ್ಲಿ ಮುಗಿಸುತ್ತೇನೆ ಎಂದರು. ಅವಧಾನಿಗಳು ವೀಣೆಯನ್ನು ಎತ್ತಿ ಬಗಲಿಗಿಟ್ಟುಕೊಂಡು, “ಹೋಗಿ. ನಾನು ಬಸ್ಸಿಗೆ ಹೋಗ್ತೀನಿ. ಆ ಗೋಡೆ ದಾಟಿದ ಚಿತ್ರಕ್ಕೆ ನನ್ನ ತಂತಿ ಮಿಡಿಯೋದಿಲ್ಲ,” ಎಂದರು. ಆ ತಂಡದವರು ಅವರಿಗೆ ಮುಂದೆ ಹಲವು ಚಿತ್ರಗಳ ಆಸೆ ತೋರಿಸಿದ್ದರು. ಅವಧಾನಿಗಳಿಗೆ ಮನೆಯಲ್ಲಿ ಕಷ್ಟವಿತ್ತು, ಕಚೇರಿಗಳು ಅಷ್ಟಕ್ಕಷ್ಟೇ. ದೇಸಾಯಿಯವರು ಬಹಳ ಹೊತ್ತು ಗೊಣಗಿದರು. ಕೊನೆಗೆ ಅಷ್ಟರೊಳಗೆ ಶಿಡ್ಲಘಟ್ಟದ ನೂಲು ಬಿಚ್ಚುವ ಒಲೆಗಳನ್ನೂ ಗೂಡಿನ ಸಂತೆಯನ್ನೂ ತೆಗೆದುಕೊಳ್ಳುತ್ತೇನೆಂದು ಹೊರಟರು. ಒಳ್ಳೆಯ ಮನುಷ್ಯರೇ, ಹೆದರಿಕೆ ಜಾಸ್ತಿ ಅಷ್ಟೆ.

ಆ ಒಂದು ವಾರ ಇಡೀ ಜಂಗಮಕೋಟೆ ಒಂದು ಸಾಲು ತಟ್ಟೆಯ ಮೇಲೆ ಕಣ್ಣಿಟ್ಟಿತ್ತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಸುಡುವ ಬಿಸಿಲು. ಹುಳಕ್ಕೆ ಒಗ್ಗದ ಹವೆ. ನಾರಾಯಣಮ್ಮ ಕಿಟಕಿಗೆ ಒದ್ದೆ ಗೋಣಿ ಕಟ್ಟುವಳು, ಬಿಚ್ಚುವಳು. ಒಗ್ಗರಣೆಯ ಘಾಟು ಒಳಗೆ ಹೋಗಬಾರದೆಂದು ಒಲೆಯನ್ನು ಹಿತ್ತಲಿಗೆ ಹಾಕಿಸಿದಳು. ಆವಲಪ್ಪ ಸೊಪ್ಪು ತಂದು ಹೊಸ್ತಿಲಲ್ಲಿಟ್ಟು ದೂರ ನಿಲ್ಲುವನು. ಅವಧಾನಿಗಳನ್ನು ಅವಳೇ ಕರೆದಳು, ಶಾಲು ಬಿಟ್ಟು ಒಳಗೆ ಬನ್ನಿ ಎಂದು. ಅವರು ಹೋಗಲಿಲ್ಲ. ಆ ಶಾಲನ್ನು ಕೆರೆಗೆ ಒಯ್ದು ಸೀಗೆಕಾಯಿ ಹಾಕಿ ಕಲ್ಲಿಗೆ ಬಡಿದು ಬಡಿದು ಒಗೆದರು. ಒಣಗಿದ ಮೇಲೆ ಅದು ಮಕ್ಕಳ ಕುಲಾವಿಯಷ್ಟಾಗಿತ್ತು. ಮೊದಲ ದಿನದಿಂದ ತಮ್ಮ ಗಂಟಿನ ಅವಲಕ್ಕಿಯನ್ನೇ ತಿನ್ನುತ್ತಿದ್ದವರು ಅಂದು ಹಿತ್ತಲ ಒಲೆಯ ಹತ್ತಿರ ಹೋಗಿ, “ಒಂದಿಷ್ಟು ಅವರೆಕಾಳು ಸಾರು ಅನ್ನ ಹಾಕಮ್ಮ,” ಎಂದು ಕೇಳಿ ಉಂಡರು.

ಹುಳ ಹಣ್ಣಾದವು, ದೇಸಾಯಿಯವರ ತಂಡವೂ ಮರಳಿ ಬಂತು. ಹಣ್ಣಾದ ಹುಳದ ಮೈ ಹೊಳೆಯುತ್ತದೆ, ತಿನ್ನುವುದನ್ನು ಬಿಟ್ಟು ತಲೆಯಾಡಿಸುತ್ತ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ಹೆಣಿಗೆಯ ಮೇಲೆ ಬಿಡಬೇಕು. ತೆಗೆದ ಹಂಚಿನಿಂದ ಬಿಸಿಲು ಇಳಿದು ಸರಿಯಾಗಿ ಅವಳ ಕೈಮೇಲೆ ಬೀಳುತ್ತಿತ್ತು. ಮುಂಗೈಯಲ್ಲಿ ಹಚ್ಚೆಯ ಬಳ್ಳಿ. ಕ್ಯಾಮೆರಾ ಅವಳ ಮುಖ ಬಿಟ್ಟು ಕೈಯನ್ನೇ ಹಿಡಿಯಿತು. ಅವಧಾನಿಗಳು ಕೇಳಿಕೊಂಡಂತೆ ಧ್ವನಿಯ ಯಂತ್ರದವನು, ಇನ್ನೂ ಹಣ್ಣಾಗದ ಕೊನೆಯ ತಟ್ಟೆಗಳ ಹುಳ ಸೊಪ್ಪು ತಿನ್ನುವ ಸದ್ದನ್ನು ಹಿಡಿದುಕೊಂಡ. ಮೂರನೆಯ ದಿನ ಚಂದ್ರಿಕೆಗಳ ತುಂಬ ಹಳದಿ ಗೂಡು, ಒಂದಕ್ಕಿಂತ ಒಂದು ಗಟ್ಟಿ. ಊರವರು ಬಂದು ನೋಡಿದರು. ಪಿಳ್ಳಣ್ಣ ಬರಲಿಲ್ಲ, ಅವರಿಗೆ ಹೊಲದಲ್ಲಿ ಕೆಲಸವಿತ್ತಂತೆ.

ಚಿತ್ರ ಶಿಡ್ಲಘಟ್ಟದ ಟೆಂಟಿಗೆ ಬಂದಾಗ ಮುಂದಿನ ಬೇಸಿಗೆ. ದೊಡ್ಡ ಚಿತ್ರಕ್ಕೆ ಮುಂಚೆ ಹಾಕುವ ಇಂಥವನ್ನು ಜನ ಬೀಡಿ ಹಚ್ಚಲು, ಕಡಲೆಕಾಯಿ ಕೊಳ್ಳಲು ಬಳಸಿಕೊಳ್ಳುತ್ತಿದ್ದರು. ಜಂಗಮಕೋಟೆಯವರು ಗಾಡಿ ಕಟ್ಟಿಕೊಂಡು ಬಂದಿದ್ದರು, ಪಿಳ್ಳಣ್ಣನೂ ಇದ್ದರು. ತೆರೆಯ ಮೇಲೆ ಹಿಪ್ಪುನೇರಳೆ ತೋಟ ಬಂತು, ವೀಣೆ ಶುರುವಾಯಿತು, ಅದರ ಮೇಲೆ ಕೂತು ಆ ಮಹಾನುಭಾವರು ರೇಷ್ಮೆಯ ಮಹತ್ವ ಹೇಳತೊಡಗಿದರು. ಹೋಯಿತು, ಈ ಸಲವೂ ಅಷ್ಟೇ ಎಂದುಕೊಂಡೆ. ಆಮೇಲೆ ಬಿಸಿಲಕೋಲು, ತಟ್ಟೆ, ಎರಡು ಕೈ. ಮಾತು ನಿಂತಿತು. ವೀಣೆಯೂ ನಿಂತಿತು. ಟೆಂಟಿನ ತುಂಬ ಹುಳ ಸೊಪ್ಪು ತಿನ್ನುವ ಸದ್ದೊಂದೇ, ಏರಿಲ್ಲದೆ ಇಳಿವಿಲ್ಲದೆ. ಬೀಡಿ ಹಚ್ಚುತ್ತಿದ್ದವನು ಕಡ್ಡಿ ಆರಿಸಿ ಕೂತ. ಆ ಕೈಗಳು ತೆರೆಯಗಲ ಆಡುತ್ತಿದ್ದವು. ಆ ಹುಳ ಚಂದ್ರಿಕೆಗೆ ಏರಿ ಮೊದಲ ಎಳೆ ಬಿಡುವವರೆಗೆ ಯಾರೂ ಮಾತಾಡಲಿಲ್ಲ, ತೆರೆಯ ಮೇಲೂ ಕೆಳಗೂ. ಎಳೆ ಹೊರಟಾಗ ಒಂದೇ ತಂತಿ, ಬಹಳ ಮೆಲ್ಲಗೆ, ಮಿಡಿಯಿತು. ಹೆಂಗಸರ ಕಡೆಯಿಂದ ಯಾರೋ ಕೂಗಿದರು: “ಅಯ್ಯೋ, ಹಚ್ಚೆ ನೋಡ್ರ‍್ರೇ! ನಮ್ ನಾರಾಯಣಮ್ಮನ ಕೈ ಕಣ್ರೇ!”

ನಾನು ಪಿಳ್ಳಣ್ಣನನ್ನು ನೋಡಿದೆ. ಅವರು ಬಾಯಿ ತೆರೆದು ಆ ಕೈಗಳನ್ನೇ ನೋಡುತ್ತಿದ್ದರು. ನಾರಾಯಣಮ್ಮ ಅಷ್ಟೂ ಹೊತ್ತು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳಂತೆ, ನಾಚಿಕೆಯಾಗಿ.

ಅವಧಾನಿಗಳಿಗೆ ಆ ತಂಡ ಮತ್ತೆ ಕರೆ ಕಳಿಸಲಿಲ್ಲ. ಹೇಳಿದಷ್ಟು ಬಾರಿಸದೆ ಸುಮ್ಮನಿರುವ ಸಂಗೀತಗಾರ ಯಾರಿಗೆ ಬೇಕು? ಅವರು ಕಚೇರಿಗಳಿಗೆ ಮರಳಿದರು, ನಿಧಾನವಾಗಿ ದೊಡ್ಡವರಾದರು. ಆ ಮೇಲಿನದೆಲ್ಲ ಸಭೆಯವರಿಗೆ ಗೊತ್ತಿದೆ.

ಸಭೆಯವರಿಗೆ ಗೊತ್ತಿಲ್ಲದ್ದು ಒಂದಿದೆ. ಅದೇ ವರ್ಷದ ಮಳೆಗಾಲ ಮುಗಿದ ಮೇಲೆ ಚಿಂತಾಮಣಿಯಲ್ಲಿ ಅವರ ಕಚೇರಿಯಿತ್ತು. ನಾನು ಹೋಗಿ, ಕಚೇರಿ ಶುರುವಾಗುವ ಮೊದಲು ಹಿಂದಿನ ಕೋಣೆಯಲ್ಲಿ ಕಂಡೆ. ತಂತಿ ಬಿಗಿಯುತ್ತಿದ್ದರು. ಮೂಗಿನ ಕೆಳಗೆ ಗೆರೆ ಇರಲಿಲ್ಲ. ಅವರ ಬೆಳ್ಳಿ ಡಬ್ಬಿ ನನ್ನ ಬಳಿಯೇ ಉಳಿದಿತ್ತು, ಕೊಡಲು ಹೋದೆ, ಬೇಡವೆಂದು ತಲೆಯಾಡಿಸಿ, “ನಾರಾಯಣಮ್ಮ ಹೇಗಿದಾಳೆ?” ಎಂದರು.

ಹೇಳಿದೆ. ಹೊಸ ಬೆಳೆಗೆ ಮುಂಚೆ ಪಿಳ್ಳಣ್ಣ ತಾವೇ ಮೊಟ್ಟೆಯ ಹಾಳೆ ಹಿಡಿದು ತಮ್ಮನ ಬಾಗಿಲಿಗೆ ಬಂದರು. ನಾನು ಅಲ್ಲೇ ಇದ್ದೆ. ಹೊಸ್ತಿಲಿನಾಚೆಯೇ ನಿಂತು, ಗಂಟಲು ಸರಿಮಾಡಿಕೊಂಡು, “ನಮ್ಮನೇಗೂ ನೀನೇ ಬಂದು ಮರಿ ಇಳಿಸಿಕೊಡಮ್ಮ,” ಎಂದರು. ನಾರಾಯಣಮ್ಮ ಹಳೆಯದೇನನ್ನೂ ಎತ್ತಲಿಲ್ಲ. ಭಾವನ ದವಡೆಯನ್ನು ಒಮ್ಮೆ ನೋಡಿ, “ಬರ್ತೀನಿ ಭಾವ. ಮೊದ್ಲು ಅದನ್ನ ಉಗಿದು ಬಾಯಿ ತೊಳ್ಕಂಬನ್ನಿ. ಬೆಳೆ ಮುಗಿಯೋಗಂಟ ಅದನ್ನ ಮುಟ್ಟಬಾರದು,” ಎಂದಳು. ಪಿಳ್ಳಣ್ಣ ಅಂಗಳದ ಮೂಲೆಗೆ ಹೋಗಿ ಉಗಿದು ಬಂದರು. ಆ ಬೆಳೆ ಮುಗಿದು ಇನ್ನೊಂದು ಬೆಳೆ ಬಂದಿದೆ, ಇನ್ನೂ ಹೊಗೆಸೊಪ್ಪು ಬಾಯಿಗೆ ಹಾಕಿಲ್ಲ.

ಅವಧಾನಿಗಳು ತಂತಿ ಬಿಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಹೊರಗೆ ಜನ ಕಾಯುತ್ತಿದ್ದರು, ಮೃದಂಗದವರು ಎರಡು ಸಲ ಇಣುಕಿ ಹೋದರು. ಅವರು ಹೆಗಲ ಮೇಲಿದ್ದ ಸಾದಾ ಹತ್ತಿ ವಲ್ಲಿಯಿಂದ ಕಣ್ಣೊರೆಸಿಕೊಂಡು ವೀಣೆ ಎತ್ತಿ ಎದ್ದರು.

“ಪಿಳ್ಳಣ್ಣನಿಗೆ ನಾನು ಕೇಳಿದೆ ಅಂತ ಹೇಳಯ್ಯ,” ಎಂದರು. “ಈಗ ನಾವಿಬ್ಬರೂ ಒಬ್ಬಳೇ ಗುರುವಿನ ಶಿಷ್ಯರು.”